ಅಜ್ಜನವರು ಚೀರಿದ ಸೋಮವಾರ

ಮುದ್ದಲಗೇರಿಯ ಊರ ಹೊರಗೆ, ಹಳ್ಳ ದಾಟಿ ಎರೆಹೊಲಗಳು ಶುರುವಾಗುವಲ್ಲಿ, ಪೂಜ್ಯ ಕಾಡಯ್ಯಜ್ಜನವರ ಮಠವಿತ್ತು. ಮಠವೆಂದರೆ ದೊಡ್ಡದೇನಲ್ಲ. ಮಣ್ಣಿನ ಗೋಡೆಯ ಎರಡಂಕಣದ ಮನೆ, ಮುಂದೆ ತಗಡಿನ ಪಡಸಾಲೆ, ಅದರ ಮಗ್ಗುಲಲ್ಲಿ ಒಂದು ಬೇವಿನ ಮರ. ಕಿರೀಟವಿಲ್ಲ, ಪಲ್ಲಕ್ಕಿಯಿಲ್ಲ. ಪೂಜ್ಯರು ಕೂಡುತ್ತಿದ್ದುದು ಹಳೆಯದೊಂದು ಮಣೆಯ ಮೇಲೆ, ಹೊದೆಯುತ್ತಿದ್ದುದು ಕರಿಯ ಕಂಬಳಿ. ವಯಸ್ಸು ಆಗಲೇ ಎಂಬತ್ತೊಂದು. ಮಾತು ಬಹಳ ಕಡಿಮೆ. ಬಂದವರು ತಮ್ಮ ಸಂಕಟ ಹೇಳಿ ಮುಗಿಸುವ ತನಕ ಸುಮ್ಮನೆ ಕೇಳುತ್ತಿದ್ದರು, ಕೊನೆಗೆ ಒಂದು ಚಿಟಿಕೆ ವಿಭೂತಿ ಕೊಡುತ್ತಿದ್ದರು. ಅಷ್ಟಕ್ಕೇ ಜನರ ಎದೆ ಹಗುರಾಗುತ್ತಿತ್ತು.

ಅವರಿಗೆ ನೋವೆಂಬುದೇ ಇಲ್ಲವೆಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತು. ಸೋಮವಾರಕ್ಕೊಮ್ಮೆ ನೂರಾರು ಜನ ಸಾಲುಗಟ್ಟಿ ಬಂದು ಅವರ ಪಾದಗಳಿಗೆ ಹಣೆ ಒತ್ತುತ್ತಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಪೂಜ್ಯರು ಅಲುಗದೆ, ನಸುನಗುತ್ತ ಕೂತಿರುತ್ತಿದ್ದರು. ಮಾಗಿಯ ಚಳಿಯಲ್ಲೂ ಅವರು ಪಾದಗಳನ್ನು ಕಂಬಳಿಯ ಹೊರಗೆ ಚಾಚಿಯೇ ಮಲಗುವರು. ಅದನ್ನು ಭಕ್ತರು ತಪಸ್ಸೆಂದರು. ಮಧ್ಯಾಹ್ನದ ಹೊತ್ತು ಮಣ್ಣಿನ ಬಾನಿಯಲ್ಲಿ ತಣ್ಣೀರು ತುಂಬಿಸಿ, ಪಾದಗಳನ್ನು ಅದರೊಳಗಿಟ್ಟುಕೊಂಡು ಕೂಡುವರು. ಆ ನೀರನ್ನು ಭಕ್ತರು ಪಾದೋದಕವೆಂದು ಬಾಟಲಿಗಳಲ್ಲಿ ತುಂಬಿಕೊಂಡು ಹೋದರು. ನಾವು ಭಕ್ತರು ಇರುವುದೇ ಹೀಗೆ. ಹಿರಿಯರು ಏನು ಮಾಡಿದರೂ ಅದಕ್ಕೊಂದು ಮಹಿಮೆ ಹುಡುಕುತ್ತೇವೆ. ಯಾಕೆ ಮಾಡುತ್ತಿದ್ದಾರೆಂದು ಮಾತ್ರ ಕೇಳುವುದಿಲ್ಲ.

ಈ ಭಕ್ತರಲ್ಲೆಲ್ಲ ಪೂಜ್ಯರಿಗೆ ಅತಿ ಹತ್ತಿರದವನು ಫಕೀರಪ್ಪ ಉಸ್ತಾದ. ಊರ ಗರಡಿಮನೆ ನಡೆಸುವವನು, ಪ್ರಾಯದಲ್ಲಿ ಹೆಸರುವಾಸಿ ಪೈಲ್ವಾನ. ಐವತ್ತೆಂಟಾದರೂ ತೋಳು ಸಡಿಲಾಗಿರಲಿಲ್ಲ. ಅವನ ಗರಡಿಯಲ್ಲಿ ಒಂದು ಕಟ್ಟಳೆಯಿತ್ತು. ಬಾಗಿಲು ದಾಟಿ ಕೆಮ್ಮಣ್ಣಿಗೆ ಇಳಿದ ಮೇಲೆ 'ನೋವು' ಎಂಬ ಮಾತು ಯಾರ ಬಾಯಿಗೂ ಬರಬಾರದು. ಬಂದರೆ ನೂರು ಬೈಠಕ್. ಈ ಕಟ್ಟಳೆಯನ್ನು ಅವನು ತನಗೂ ಹಾಕಿಕೊಂಡಿದ್ದ. ಮೂವತ್ತು ವರ್ಷದ ಹಿಂದೆ ಒಂದು ಕುಸ್ತಿಯಲ್ಲಿ ಅವನ ನಡಕ್ಕೆ ಪೆಟ್ಟು ಬಿದ್ದಿತ್ತು. ಅಂದಿನಿಂದ ಧೋತರದ ಒಳಗೆ ಅರಿವೆಯ ಪಟ್ಟಿಯೊಂದನ್ನು ಬಿಗಿದು ಕಟ್ಟಿಕೊಂಡೇ ಓಡಾಡುತ್ತಿದ್ದ. ಯಾರೂ ನೋಡದಿದ್ದಾಗ ಗೋಡೆ ಹಿಡಿದು ಕೂಡುತ್ತಿದ್ದ. ಹೆಂಡತಿ ಶಂಕ್ರವ್ವನಿಗೆ ಆ ಪಟ್ಟಿ ಒಗೆಯುವುದು ಗೊತ್ತಿತ್ತೇ ಹೊರತು ಯಾಕೆ ಕಟ್ಟುತ್ತಾನೆಂದು ಗೊತ್ತಿರಲಿಲ್ಲ.

ಒಂಬತ್ತು ವರ್ಷದಿಂದ ಪೂಜ್ಯರ ಪಾದಸೇವೆ ಅವನದೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬರುತ್ತಿದ್ದ. ಬೇರೆ ಯಾರಾದರೂ ಕೈ ಹಾಕಲು ಬಂದರೆ, "ಸರೀರಿ, ಇದು ಕಲತ ಕೈ ಮಾಡೂ ಕೆಲಸ," ಎಂದು ಬದಿಗೆ ಸರಿಸುತ್ತಿದ್ದ. ಪೈಲ್ವಾನರಿಗೆ ಮಾಲೀಶು ಮಾಡಿದ ಹೆಬ್ಬೆರಳುಗಳು ಅವು. ಅಂಗಾಲಿನ ನಟ್ಟನಡುವೆ ಹೆಬ್ಬೆರಳು ಇಳಿದಾಗ ಪೂಜ್ಯರ ತುಟಿಯಿಂದ "ಶಿವಾ" ಎಂಬ ಮಾತು ಮೆಲ್ಲಗೆ ಬರುತ್ತಿತ್ತು. ಆ ಮಾತು ಕೇಳಿದರೆ ಫಕೀರಪ್ಪನ ಜೀವ ತಣ್ಣಗಾಗುತ್ತಿತ್ತು. ತನ್ನ ಸೇವೆ ಮುಟ್ಟಬೇಕಾದಲ್ಲಿ ಮುಟ್ಟಿತೆಂದು ತಿಳಿದು ಇನ್ನೊಂದಿಷ್ಟು ಬಲ ಹಾಕುತ್ತಿದ್ದ.

ಮನೆಯಲ್ಲಿ ಅವನ ತಾಯಿ ದ್ಯಾಮವ್ವ ಇದ್ದಳು. ಎಪ್ಪತ್ತೆಂಟರ ಜೀವ. ನಾಲ್ಕು ವರ್ಷದಿಂದ ಎರಡೂ ಮೊಣಕಾಲು ಹಿಡಿದುಕೊಂಡಿದ್ದವು, ಎರಡು ವರ್ಷದಿಂದ ಬಲಗಡೆಯ ಭುಜ. ಬೆಳಗಾಗೆದ್ದು ಹಾಸಿಗೆಯಿಂದ ಮೇಲೇಳುವಾಗ "ಯಪ್ಪಾ... ಯವ್ವಾ... ಶಿವನ..." ಎಂದು ನರಳುತ್ತಿದ್ದಳು. ಆ ನರಳಾಟ ಗೋಡೆ ದಾಟಿ ಪಕ್ಕದ ಮನೆಗೂ ಕೇಳುತ್ತಿತ್ತು. ಫಕೀರಪ್ಪನಿಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಉಸ್ತಾದನ ಮನೆಯಿಂದ ಬರುವ ಸದ್ದೇ ಇದು?

ಒಂದು ಬೆಳಿಗ್ಗೆ ಅವನು ಹೇಳಿಯೇಬಿಟ್ಟ. "ಹಿಂಗ ದಿನಾ ಒದರಿದ್ರ ಹೆಂಗ ಬೇ? ಕಾಡಯ್ಯಜ್ಜಾರ್ನ ನೋಡು. ನಿನಗಿಂತ ಮೂರು ವರ್ಷ ದೊಡ್ಡಾವ್ರು. ದಿನಾ ಅವರ ಪಾದ ನನ್ನ ಕೈಯಾಗ ಇರ್ತಾವು. ಒಂದಿನಾ 'ಹಾ' ಅಂದಿಲ್ಲ. ಭಕ್ತಿ ಇದ್ದಾವ್ರಿಗೆ ಬ್ಯಾನಿ ಗೊತ್ತಾಗೂದಿಲ್ಲ."

ದ್ಯಾಮವ್ವ ಮೊಣಕಾಲು ನೀವಿಕೊಂಡಳು. "ಖರೇನ ಇರಬೇಕಪಾ. ನಂದ ಭಕ್ತಿ ಕಡಿಮಿ ಬಿದ್ದೈತಿ," ಎಂದಳು.

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ಅದನ್ನು ನಂಬಿಯೇಬಿಟ್ಟಿದ್ದಳು. ಮರುದಿನದಿಂದ ಮೇಲೇಳುವಾಗ ಸೆರಗಿನ ತುದಿಯನ್ನು ಮಡಚಿ ಹಲ್ಲಿನ ನಡುವೆ ಕಚ್ಚಿಕೊಳ್ಳತೊಡಗಿದಳು. ನರಳಾಟ ನಿಂತಿತು. ಸ್ವಲ್ಪ ದಿನದಲ್ಲಿ ಅವಳು ಸಂಜೆ ಕಟ್ಟೆಗೆ ಬಂದು ಕೂಡುವುದೂ ನಿಂತಿತು. ಊಟ ಅರ್ಧಕ್ಕಿಳಿಯಿತು, ಮಾತು ಅದಕ್ಕೂ ಕಡಿಮೆಯಾಯಿತು. ಹಣೆಯ ಮೇಲೆ ವಿಭೂತಿ ಕೂಡ ಕಾಣದಾಯಿತು. ಅದಕ್ಕೂ ಮಗ ಒಮ್ಮೆ ಬೈದ: "ಈಬತ್ತಿ ಹಚ್ಕೊಳ್ಳಾಕೂ ಬ್ಯಾಸರ ಬಂತೇನು?" ಅವಳು ಗೋಡೆಯ ಕಡೆ ಹೊರಳಿದಳು. ಅವ್ವ ಸುಧಾರಿಸಿದಳೆಂದು ಫಕೀರಪ್ಪ ಸಮಾಧಾನಪಟ್ಟುಕೊಂಡ. ಊರಲ್ಲಿ ನಾಲ್ಕು ಜನರೆದುರು ಹೇಳಿಕೊಂಡೂ ಬಂದ.

ಶ್ರಾವಣದ ಎರಡನೆಯ ಸೋಮವಾರ ಅವನು ಶಂಕ್ರವ್ವನ ಜೊತೆ ತಾಯಿಯನ್ನು ಟಂಟಂ ರಿಕ್ಷಾದಲ್ಲಿ ಕೂಡಿಸಿಕೊಂಡು ಮಠಕ್ಕೆ ಕರೆತಂದ. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಬದಿಗೆ ಭಜನೆಯವರು, ಇನ್ನೊಂದು ಬದಿಗೆ ತೆಂಗಿನಕಾಯಿಯ ರಾಶಿ. ಮಠದ ಹಿರಿಯರಾದ ಅಂದಾನಪ್ಪನವರು ಬಿಳಿಯ ರುಮಾಲು ಸುತ್ತಿಕೊಂಡು ಸಾಲನ್ನು ಸರಿಪಡಿಸುತ್ತಿದ್ದರು. ಮುದುಕರು ಮುದುಕಿಯರು ಕೂಡ ಸಾಲಿನಲ್ಲಿ ತಾಸುಗಟ್ಟಲೆ ನಿಂತಿದ್ದರು. ಕುಳಿತುಕೊಳ್ಳಲು ಯಾರೂ ಕೇಳಲಿಲ್ಲ. ಎದುರಿಗೆ ಅಜ್ಜನವರೇ ಅಲುಗದೆ ಕೂತಿರುವಾಗ ಕೇಳುವುದಾದರೂ ಹೇಗೆ?

ದ್ಯಾಮವ್ವನ ಸರದಿ ಬಂತು. ಅವಳು ಮಣೆಯ ಮುಂದೆ ನಿಂತಳು, ಬಾಗಲು ನೋಡಿದಳು, ಆಗಲಿಲ್ಲ. ಹಿಂದಿನಿಂದ ಜನ ಒತ್ತುತ್ತಿದ್ದರು. ಫಕೀರಪ್ಪನಿಗೆ ಅವಮಾನವೆನಿಸಿತು. "ಬಾಗು ಬೇ," ಎಂದು ಅವಳ ಭುಜದ ಮೇಲೆ ಕೈಯಿಟ್ಟು ಕೆಳಗೆ ಒತ್ತಿದ. ಅದು ಬಲಗಡೆಯ ಭುಜವಾಗಿತ್ತು. ದ್ಯಾಮವ್ವ ತಟ್ಟನೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಸದ್ದು ಬರಲಿಲ್ಲ. ಕಣ್ಣಿಂದ ಮಾತ್ರ ನೀರು ಬಳಬಳ ಇಳಿಯಿತು.

ಪೂಜ್ಯರು ಅದನ್ನು ಕಂಡರು. ಅವರ ನಗು ನಿಂತಿತು.

"ಸೆರಗು ಯಾಕ ಯವ್ವಾ ಬಾಯಾಗ?"

ದ್ಯಾಮವ್ವ ತಲೆ ಅಲ್ಲಾಡಿಸಿದಳು. ಬಾಯಿ ಬಿಟ್ಟರೆ ಏನು ಹೊರಬೀಳುವುದೋ ಎಂಬ ಭಯ ಅವಳಿಗೆ. ಉತ್ತರ ಕೊಟ್ಟವನು ಫಕೀರಪ್ಪ, ಅದೂ ಎದೆಯುಬ್ಬಿಸಿ. "ನಿಮ್ಮನ್ನ ನೋಡಿ ಕಲತಾಳ್ರಿ ಅಜ್ಜಾರ. ಮೊದಲ ಭಾಳ ನರಳತಿದ್ಲು. ನೀವು ಹೆಂಗ ಇರ್ತೀರಿ, ಭಕ್ತಿ ಇದ್ರ ಬ್ಯಾನಿ ಇಲ್ಲ ಅಂತ ದಿನಾ ಹೇಳಿ ಹೇಳಿ ಬಿಡಿಸೀನ್ರಿ. ಈಗ ಒಂದು ಸೊಲ್ಲು ಎತ್ತಂಗಿಲ್ಲ."

ಪೂಜ್ಯರು ಕಣ್ಣು ಮುಚ್ಚಿದರು. ಸಾಲು ನಿಂತಿತು. ಅಂದಾನಪ್ಪನವರು ಅತ್ತಿತ್ತ ನೋಡಿದರು. ಫಕೀರಪ್ಪ ತನ್ನ ಮಾತು ಪೂಜ್ಯರ ಮನಸ್ಸಿಗೆ ತಟ್ಟಿತೆಂದುಕೊಂಡ. ತಟ್ಟಿದ್ದೇನೋ ನಿಜ.

ಕಣ್ಣು ತೆರೆದ ಪೂಜ್ಯರು ಪಾದವನ್ನು ಮುಂದೆ ಚಾಚಿದರು. "ಫಕೀರಪ್ಪ, ಒತ್ತು. ದಿನಾ ಹೆಂಗ ಒತ್ತತಿ ಹಂಗ."

ಇಷ್ಟು ಜನರ ನಡುವೆ ತನ್ನ ಸೇವೆಗೆ ಕರೆ ಬಂದಿತೆಂದು ಫಕೀರಪ್ಪನಿಗೆ ಹಿಗ್ಗು. ಗೋಡೆ ಇಲ್ಲದ ಕಡೆ ಕೂಡುವುದು ಅವನ ನಡಕ್ಕೆ ಸುಲಭವಿರಲಿಲ್ಲ, ಆದರೂ ಕೂತ. ಬಲಪಾದವನ್ನು ಅಂಗೈಯಲ್ಲಿ ತೆಗೆದುಕೊಂಡು, ಅಂಗಾಲಿನ ನಡುವೆ ಹೆಬ್ಬೆರಳಿಟ್ಟು, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ.

ಪೂಜ್ಯರು ಚೀರಿದರು.

ಅಂಥ ಕೂಗನ್ನು ಅಲ್ಲಿದ್ದವರು ಯಾರೂ ಯಾವ ಸಂತರ ಬಾಯಿಂದಲೂ ಕೇಳಿರಲಿಲ್ಲ. ಅದು ಮಂತ್ರವಲ್ಲ, ಘೋಷವಲ್ಲ. ಬೆಂಕಿ ತುಳಿದ ಮನುಷ್ಯ ಒದರುವ ಒದರಾಟ. "ಅಯ್ಯಯ್ಯೋ! ಸತ್ನೋ! ಬಿಡೋ ಯಪ್ಪಾ, ಬಿಡೋ!" ಎಂದು ಮೈ ಹಿಂದಕ್ಕೆ ಎಳೆದುಕೊಂಡು ಕೂಗಿದರು. ಭಜನೆಯ ತಾಳ ಅರ್ಧಕ್ಕೇ ನಿಂತಿತು. ಒಬ್ಬ ಹೆಣ್ಣುಮಗಳ ಕೈಯಿಂದ ಕಾಯಿಯ ತಟ್ಟೆ ಜಾರಿ ಬಿತ್ತು. ಬೇವಿನ ಮರದಿಂದ ಕಾಗೆಗಳೆದ್ದವು. ಫಕೀರಪ್ಪ ಕೈ ಹಿಂದೆ ತೆಗೆದುಕೊಂಡವನು ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡು ಕೂತ. ಎದುರಿಗಿದ್ದ ಪೂಜ್ಯರ ಕಣ್ಣಲ್ಲಿ ನೀರಿತ್ತು. ಹಣೆಯ ಮೇಲೆ ಬೆವರಿತ್ತು. ಅವನು ಕಸುವು ತೋರಿಸಿದ ಆ ಪಾದ, ಬಿಟ್ಟ ಮೇಲೂ, ತಾನೇ ತಾನಾಗಿ ನಡುಗುತ್ತಿತ್ತು.

ಅಂದಾನಪ್ಪನವರು ಓಡಿಬಂದರು. "ಅಜ್ಜಾರ, ಜನಾ ನೋಡಾಕತ್ತಾರ್ರಿ!"

"ನೋಡ್ಲಿ."

ಪೂಜ್ಯರು ಉಸಿರು ಸರಿಪಡಿಸಿಕೊಂಡರು. ಆಮೇಲೆ, ಪಡಸಾಲೆಯ ಕೊನೆಯವರಿಗೂ ಕೇಳುವಂತೆ ಹೇಳಿದರು: "ನನ್ನ ಅಂಗಾಲು ಉರೀತಾವು. ಹನ್ನೊಂದು ವರ್ಷ ಆತು. ಹಣಿ ತಾಗಿದ್ರ ಕೆಂಡ ತಾಗಿಧಂಗ ಆಗ್ತೈತಿ. ಈ ಕೂಗು ದಿನಾ ಬರ್ತಿತ್ತು. ನಾನು ನುಂಗತಿದ್ದೆ." ಅನಂತರ ದ್ಯಾಮವ್ವನ ಕಡೆಗೆ ಕೈ ತೋರಿಸಿದರು. "ನಾ ನುಂಗಿದ್ದು ಈ ತಾಯಿ ಬಾಯಾಗ ಸೆರಗಾಗೇತಿ."

ಕಂಬಳಿಯ ಹೊರಗೆ ಚಾಚಿದ ಪಾದಗಳು, ತಣ್ಣೀರಿನ ಬಾನಿ, ಎಲ್ಲ ಒಂದೊಂದಾಗಿ ಫಕೀರಪ್ಪನ ಕಣ್ಣ ಮುಂದೆ ಬಂದವು. ಒಂಬತ್ತು ವರ್ಷದ ಒಂದೊಂದು ಸಂಜೆಯೂ ಬಂತು. ಅವನು ತೊದಲಿದ: "ಶಿವಾ... ಶಿವಾ ಅಂತಿದ್ರಲ್ರೀ ಅಜ್ಜಾರ. ಹಾಯ್ ಅನಸ್ತೈತಿ ಅಂತ ನಾನು ಇನ್ನಷ್ಟು ಒತ್ತತಿದ್ನಲ್ರೀ..."

"ಆವಾಗ ಅವನ್ನ ಬಿಟ್ಟು ಯಾರ್ನ ಕರೀಲಪಾ?" ಎಂದರು ಪೂಜ್ಯರು.

"ಒಂದು ಮಾತು ಹೇಳಬಾರದೇನ್ರಿ?"

"ನಿನ್ನ ಮನಸ್ಸು ನೊಂದೀತು ಅಂತ ಹೇಳಲಿಲ್ಲ. ಅದು ಖರೇ. ಅಜ್ಜಾರಿಗೆ ನೋವ ಇಲ್ಲ ಅಂತ ಊರು ಆಡಿಕೊಳ್ಳೂದು ನನಗೂ ಚಲೋ ಅನಸ್ತಿತ್ತು. ಅದೂ ಖರೇ." ಇಷ್ಟು ಹೇಳಿ ಆ ಮಹಾತ್ಮರು, ಕಂಬಕ್ಕೆ ಆತು ನಿಂತಿದ್ದ ದ್ಯಾಮವ್ವನಿಗೆ ಎರಡೂ ಕೈ ಮುಗಿದರು. "ತಪ್ಪು ನಂದು ಯವ್ವಾ. ನಿನ್ನ ಭಕ್ತಿ ಕಡಿಮಿ ಇಲ್ಲ."

ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಕೆಲವರ ಮುಖ ಬಾಡಿತು. ನೋವಿಲ್ಲದವರೆಂದು ನಂಬಿ ಬಂದವರು ಅವರು. ಎರಡು ಮೂರು ಮನೆಯವರು ಕಾಯಿಯನ್ನೂ ಒಡೆಸದೆ ಎದ್ದುಹೋದರು, ಮತ್ತೆ ಬರಲೂ ಇಲ್ಲ. ಪೂಜ್ಯರು ಅವರನ್ನು ತಡೆಯಲಿಲ್ಲ. ತಮ್ಮ ಹೆಸರನ್ನು ತಾವೇ ತುಂಬಿದ ಸಭೆಯಲ್ಲಿ ಇಳಿಸಿಟ್ಟವರು, ಹೋಗುವವರ ಬೆನ್ನು ನೋಡಿ ಮರುಗುತ್ತಾರೆಯೇ?

ಅಷ್ಟರಲ್ಲಿ ಸಾಲಿನ ಹಿಂದಿನಿಂದ ಒಂದು ದನಿ ಬಂತು. ಹತ್ತಿ ಗಿರಣಿಯಲ್ಲಿ ದುಡಿದು ಹಣ್ಣಾದ ಸಿದ್ರಾಮಪ್ಪನದು. "ಹಂಗಾರ ನಾನೂ ಕುಂದರ್ತೀನ್ರಿ ಅಜ್ಜಾರ. ಮೊಣಕಾಲು ಸೀಳಾಕತ್ತಾವು. ಮುಂಜಾನಿಂದ ಸತ್ತಂಗ ನಿಂತೀನಿ!" ಎಂದವನೇ "ಯಪ್ಪಾ" ಎಂದು ನೆಲದ ಮೇಲೆ ಕುಕ್ಕರಿಸಿದ. ಒಂದಿಬ್ಬರು ನಕ್ಕರು. ಇನ್ನೊಬ್ಬಳು ಮುದುಕಿ ನಡ ಹಿಡಿದುಕೊಂಡು ಕೂತಳು. ಮತ್ತೊಬ್ಬರು, ಮಗದೊಬ್ಬರು. ನೋಡನೋಡುತ್ತ ಸಾಲಿನಲ್ಲಿದ್ದ ಮುದುಕರೆಲ್ಲ ಕೂತುಬಿಟ್ಟರು. ಒಬ್ಬೊಬ್ಬರ ಬಾಯಿಂದಲೂ ಇಷ್ಟು ದಿನ ಕಟ್ಟಿಟ್ಟಿದ್ದ "ಅಯ್ಯೋ" ಹೊರಬಂತು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಬಾಯಿ ತೆರೆದು ನಿಂತರು. ತಮ್ಮ ತಮ್ಮ ಮನೆಯಲ್ಲಿ ಇಷ್ಟೊಂದು ನೋವು ಸದ್ದಿಲ್ಲದೆ ಕೂತಿತ್ತೆಂದು ಅವರಿಗೆ ಆ ಹೊತ್ತಿನಲ್ಲಿ ತಿಳಿಯಿತು.

ಪೂಜ್ಯರು ದ್ಯಾಮವ್ವನನ್ನು ತಮ್ಮ ಮಣೆಯ ಪಕ್ಕದಲ್ಲಿ, ಗೋಡೆಗೆ ಒರಗುವಂತೆ ಕೂಡಿಸಿಕೊಂಡರು. ಎಲ್ಲಿ ನೋಯುತ್ತದೆ, ಎಷ್ಟು ನೋಯುತ್ತದೆ ಎಂದು ಕೇಳಲಿಲ್ಲ. ಬೇರೆಯೇ ಒಂದನ್ನು ಕೇಳಿದರು.

"ಈ ಬ್ಯಾನಿ ನಿನ್ನ ಕಡಿಂದ ಏನು ಕಸಗೊಂಡೈತಿ ಯವ್ವಾ?"

ದ್ಯಾಮವ್ವ ಸೆರಗನ್ನು ಬಾಯಿಂದ ತೆಗೆದಳು. ಅದರ ತುದಿ ಹಲ್ಲಿಗೆ ಸಿಕ್ಕು ಹರಿದು ಜಾಳಾಗಿತ್ತು. "ಹಣಿ ಕಸಗೊಂಡೈತ್ರಿ," ಎಂದಳು. "ಕೈ ಇಲ್ಲಿತನಾ ಬರ್ತೈತಿ." ಎದೆಯವರೆಗೆ ಎತ್ತಿ ತೋರಿಸಿದಳು. "ಮ್ಯಾಲ ಏಳವಲ್ದು. ನನ್ನ ಹಣಿಗೆ ನಾನ ಈಬತ್ತಿ ಹಚ್ಕೊಂಡು ವರ್ಷಾತು. ಅವರಿವರಿಗೆ ಹಚ್ಚು ಅನ್ನಾಕ ನಾಚಿಕಿ. ಖಾಲಿ ಹಣೀಲೆ ಶಿವನ ಮುಂದ ಕುಂದರ್ತೀನಿ. ಅವಗ ನನ್ನ ಗುರ್ತ ಹತ್ತತೈತೋ ಇಲ್ಲೋ."

ಫಕೀರಪ್ಪ ಅಲ್ಲಿಂದ ಎದ್ದ. ಆ ಹಣೆಗಾಗಿ ತಾನು ಬೈದ ಮಾತು ಅವನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದ. ತಾಯಿಯನ್ನು ಶಂಕ್ರವ್ವ ಮನೆಗೆ ಕರೆತಂದಳು.

ಅಂದಿನ ಸಂಜೆ ಎಣ್ಣೆಯ ಬಟ್ಟಲು ಒಲೆಯ ಮೇಲೆ ಏರಲಿಲ್ಲ. ಮರುದಿನವೂ ಇಲ್ಲ. ಫಕೀರಪ್ಪ ಗರಡಿಯ ಬಾಗಿಲು ಹಾಕಿಕೊಂಡು ಕೆಮ್ಮಣ್ಣಿನ ಅಂಚಿನಲ್ಲಿ ಕೂತುಬಿಟ್ಟ. ತಾಯಿಯ ಮುಂದೆ ಹೋಗಲು ಮುಖವಿಲ್ಲ, ಗುರುವಿನ ಮುಂದೆ ಹೋಗಲು ಕಾಲು ಬಾರದು. ಪೈಲ್ವಾನಗಿರಿಯಲ್ಲಿ ಹತ್ತಾರು ಜನರನ್ನು ಮಣ್ಣು ಮುಕ್ಕಿಸಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಜಗತ್ತಿನಲ್ಲಿ ತಾನು ಅತಿ ಹೆಚ್ಚು ಪ್ರೀತಿಸಿದ ಇಬ್ಬರಿಗೂ ಈ ಕೈಗಳೇ ಚಿತ್ರಹಿಂಸೆ ಕೊಟ್ಟಿದ್ದವು. ಅದನ್ನು ಅವನು ಭಕ್ತಿಯೆಂದು ಕರೆದಿದ್ದ.

ಮೂರನೆಯ ದಿನ ಅಂದಾನಪ್ಪನವರು ಬಂದು ಬಾಗಿಲು ಬಡಿದರು. "ಅಜ್ಜಾರು ಹೇಳಿ ಕಳಿಸ್ಯಾರ. ಕೈಯಿಂದ ತಪ್ಪಾಗಿಲ್ಲಂತ, ಕಿವಿಯಿಂದ ಆಗೇತಂತ. ಬಾ ಅಂದಾರ. ಅವ್ವನ್ನೂ ಕರಕೊಂಡು ಬಾ."

ತಾಯಿಯನ್ನು ಕರೆದುಕೊಂಡು ಅವನು ಹೋದಾಗ ಮಠದ ಪಡಸಾಲೆಯಲ್ಲಿ ತಾಲೂಕಿನ ಸರ್ಕಾರಿ ದವಾಖಾನೆಯ ಡಾಕ್ಟರು ಮೆಹರುನ್ನಿಸಾ ಅವರು ಕೂತಿದ್ದರು. ಊರವರ ಬಾಯಲ್ಲಿ ಅವರು ಡಾಕ್ಟರವ್ವ. ಎರಡು ವರ್ಷದ ಹಿಂದೊಮ್ಮೆ ಅವರೇ ದರ್ಶನಕ್ಕೆ ಬಂದು, ಪಾದಗಳನ್ನು ಕಂಡು, ಔಷಧ ಕೊಡಲೇ ಎಂದು ಕೇಳಿದ್ದರು. ಆಗ ಪೂಜ್ಯರು ನಕ್ಕು ಸುಮ್ಮನಾಗಿದ್ದರು. ಈಗ ತಾವಾಗಿಯೇ ಕರೆಸಿಕೊಂಡಿದ್ದರು. ಅಷ್ಟೇ ಅಲ್ಲ, ಊರ ಮುದುಕರೆಲ್ಲರ ಕಣ್ಣೆದುರಿಗೆ ಮೊದಲು ತಾವೇ ಆಕೆಯ ಮುಂದೆ ಕೂತರು. ಉರಿ ಎಲ್ಲಿ ಶುರುವಾಗುತ್ತದೆ, ಯಾವ ಹೊತ್ತಿಗೆ ಏರುತ್ತದೆ, ನಿದ್ದೆ ಎಷ್ಟು ಬರುತ್ತದೆ ಎಂದು ಕೇಳಿದ್ದಕ್ಕೆಲ್ಲ ಒಂದನ್ನೂ ಮುಚ್ಚಿಡದೆ ಉತ್ತರ ಕೊಟ್ಟರು. ಗುರುಗಳೇ ಹೇಳಿಕೊಂಡ ಮೇಲೆ ಉಳಿದವರಿಗೆ ಯಾವ ಸಂಕೋಚ? ಸಿದ್ರಾಮಪ್ಪನಂತೂ ತನ್ನ ಮೊಣಕಾಲಿನ ಪುರಾಣವನ್ನು ಹುಟ್ಟಿದಲ್ಲಿಂದ ಶುರುಮಾಡಿದ.

ದ್ಯಾಮವ್ವನ ಭುಜವನ್ನು ಡಾಕ್ಟರವ್ವ ಮುಟ್ಟುವ ಮುಂಚೆ "ಇಲ್ಲಿ ಕೈ ಇಡ್ಲೇನವ್ವಾ?" ಎಂದು ಕೇಳಿದರು. ಫಕೀರಪ್ಪ ಅದನ್ನು ನೋಡುತ್ತ ನಿಂತ. ಇಷ್ಟು ವರ್ಷದಲ್ಲಿ ಆ ಮಾತು ತನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲವೆಂದು ಅವನಿಗೆ ಹೊಳೆಯಿತು.

"ಪೂರ್ತಿ ಹೋಗ್ತೈತಿ ಅಂತ ನಾನು ಸುಳ್ಳು ಹೇಳಂಗಿಲ್ಲ," ಎಂದರು ಡಾಕ್ಟರವ್ವ. "ಆದ್ರ ಮನಿ ತುಂಬ ಓಡಾಡೂ ಬ್ಯಾನೀನ ಒಂದು ಮೂಲ್ಯಾಗ ಕುಂದ್ರಸಬಹುದು. ಗುಳಿಗಿ ಹೊತ್ತಿಗೆ ಸರಿಯಾಗಿ ತೊಗೋಬೇಕು. ತಡಕೊಂಡು ತಡಕೊಂಡು ಏರಿದ ಮ್ಯಾಲ ತೊಗೊಂಡ್ರ ಅದು ಮಾತು ಕೇಳಂಗಿಲ್ಲ. ಅಂಗಡ್ಯಾಗಿನ ಕಡಕ್ ಗುಳಿಗಿ ನೀವ ತಂದು ನುಂಗಬ್ಯಾಡ್ರಿ, ವಯಸ್ಸಾದವ್ರಿಗೆ ಹೊಟ್ಟಿ, ಕಿಡ್ನಿ ಕೆಡ್ತಾವು. ಬಿಸಿನೀರಿನ ಅರಿವಿ ಹಾಕ್ರಿ. ಆಮ್ಯಾಲ ಗೋಡಿಗೆ ಬೆರಳು ಹಚ್ಚಿ, ಇರುವಿ ಹತ್ತಿಧಂಗ, ದಿನಾ ಒಂದೀಟು ಮ್ಯಾಲ." ಫಕೀರಪ್ಪನ ಕಡೆ ತಿರುಗಿದರು. "ಉಸ್ತಾದರ, ನೀವು ತಾಲೀಮು ಮಾಡಸಾವ್ರು. ಮಾಡಸ್ತೀರೇನು? ಅಕಿ ಸಾಕು ಅಂದಲ್ಲಿಗೆ ನಿಲ್ಲಸಬೇಕು."

ಅವನು ತಲೆ ಆಡಿಸಿದ.

ಮರುದಿನದಿಂದ ಫಕೀರಪ್ಪನ ಮನೆಯಲ್ಲಿ ಹೊಸದೊಂದು ಗರಡಿ ಶುರುವಾಯಿತು. ತಾಲೀಮಿಗೆ ಶಿಷ್ಯೆ ಒಬ್ಬಳೇ, ಅವಳಿಗೆ ಎಪ್ಪತ್ತೆಂಟು ವರ್ಷ. ಮುಂಜಾನೆ ಗುಳಿಗೆ, ಬಿಸಿನೀರಿನ ಶಾಖ, ಆಮೇಲೆ ಪಡಸಾಲೆಯ ಗೋಡೆ. ದ್ಯಾಮವ್ವನ ಬೆರಳುಗಳು ಗೋಡೆಯ ಮೇಲೆ ಮೆಲ್ಲಗೆ ಹತ್ತುವವು. "ನೋಯ್ತೇನು ಬೇ?" ಎಂದು ಅವನು ಕೇಳುವನು. "ನೋಯ್ತಪಾ" ಎಂದು ಅವಳು ಹೇಳುವಳು. ಅಲ್ಲಿಗೆ ನಿಲ್ಲಿಸಿ, ಬೆರಳು ಮುಟ್ಟಿದಲ್ಲಿ ಗರಡಿಯ ಕೆಮ್ಮಣ್ಣಿನಿಂದ ಒಂದು ಗೆರೆ ಎಳೆಯುವನು. ಕೆಲವು ದಿನ ಗೆರೆ ಒಂದು ಬೆರಳು ಮೇಲೇರುತ್ತಿತ್ತು. ಮೋಡ ಕವಿದ ದಿನಗಳಲ್ಲಿ ಎರಡು ಬೆರಳು ಕೆಳಗಿಳಿಯುತ್ತಿತ್ತು. ಇಳಿದ ದಿನವೂ ಅವನು ಬೈಯಲಿಲ್ಲ. ದ್ಯಾಮವ್ವ ಈಗ ಮತ್ತೆ ಬೆಳಿಗ್ಗೆ ನರಳುತ್ತಿದ್ದಳು, ಪಕ್ಕದ ಮನೆಗೂ ಕೇಳುತ್ತಿತ್ತು. ಜೊತೆಗೆ ಸಂಜೆ ಕಟ್ಟೆಗೆ ಬಂದು ಕೂತು ಊರ ಸುದ್ದಿ ಮಾತಾಡುವುದೂ ಶುರುವಾಗಿತ್ತು. ಗರಡಿಯ ಹುಡುಗರಿಗೆ ಹಾಕಿದ ಕಟ್ಟಳೆ ಯಾವಾಗ ಸಡಿಲಾಯಿತೋ ಯಾರಿಗೂ ಗೊತ್ತಾಗಲಿಲ್ಲ. ನೋವು ಎಂದವನಿಗೆ ಉಸ್ತಾದ ಬೈಠಕ್ ಹೇಳುವ ಬದಲು ಎಲ್ಲಿ ಎಂದು ಕೇಳತೊಡಗಿದನಂತೆ.

ತನ್ನ ನಡದ ಪಟ್ಟಿಯನ್ನು ಮಾತ್ರ ಅವನು ಮೊದಲಿನಂತೆಯೇ ಬಿಗಿದು ಕಟ್ಟುತ್ತಿದ್ದ.

ಕಾರ್ತಿಕದ ಕಡೆಯ ಸೋಮವಾರ ಬಂತು. ಮಠದ ಪದ್ಧತಿ ಅಷ್ಟರಲ್ಲಿ ಬದಲಾಗಿತ್ತು. ಪೂಜ್ಯರ ಪಾದಗಳ ಮೇಲೆ ತೆಳ್ಳನೆಯ ಮಲ್ಲು ಬಟ್ಟೆ. ಒಂದು ಮಾರು ಮುಂದೆ ಕಟ್ಟಿಗೆಯ ಹಾವುಗೆಗಳು. ಹಣೆ ಒತ್ತುವವರು ಹಾವುಗೆಗೆ ಒತ್ತಬೇಕು. ಮುದುಕರಿಗೆ ಗೋಡೆಗುಂಟ ಬೆಂಚು. ಜನ ಕಡಿಮೆಯಾಗಿರಲಿಲ್ಲ. ಪೂಜ್ಯರ ಉರಿ ಪೂರ್ತಿ ಹೋಗಿರಲಿಲ್ಲ; ಆದರೆ ಕಂಬಳಿ ಈಗ ಪಾದಗಳವರೆಗೂ ಬರುತ್ತಿತ್ತು.

ದ್ಯಾಮವ್ವ ಬೆಂಚಿನಿಂದ ಎದ್ದು ಮಣೆಯ ಮುಂದೆ ಬಂದಳು. ಪೂಜ್ಯರು ಎಂದಿನಂತೆ ವಿಭೂತಿ ಕೊಡಲು ಕೈ ಎತ್ತಲಿಲ್ಲ. ತಟ್ಟೆಯನ್ನೇ ಅವಳ ಮುಂದೆ ಹಿಡಿದರು. ಅವಳು ಮೂರು ಬೆರಳು ಅದ್ದಿದಳು. ಕೈ ಎದೆ ದಾಟಿತು, ಗದ್ದ ದಾಟಿತು, ಹುಬ್ಬಿನ ಹತ್ತಿರ ಬಂದು ನಿಂತಿತು. ಫಕೀರಪ್ಪನ ಕೈ ನೆರವಿಗೆ ಹೋಗಲು ಮುಂದಾಯಿತು, ತಡೆದುಕೊಂಡ.

"ಯಪ್ಪಾ, ನೋಯ್ತೈತಿ," ಎಂದಳು ದ್ಯಾಮವ್ವ, ಎಲ್ಲರಿಗೂ ಕೇಳುವಂತೆ.

"ನಿಧಾನ ಯವ್ವಾ," ಎಂದರು ಪೂಜ್ಯರು. "ಶಿವ ಕಾಯ್ತಾನ."

ಅವಳು ಒಂದು ಉಸಿರು ಬಿಟ್ಟಳು. ತಲೆಯನ್ನು ಸ್ವಲ್ಪ ಕೆಳಗೆ ತಂದಳು, ಕೈಯನ್ನು ಸ್ವಲ್ಪ ಮೇಲೆ ಒಯ್ದಳು. ಮೂರು ಬೆರಳು ಹಣೆಗೆ ಮುಟ್ಟಿದವು. ಗೆರೆಗಳು ಸೊಟ್ಟ ಬಿದ್ದವು, ಒಂದು ಕಿವಿಯವರೆಗೂ ಹೋಯಿತು. ಅದನ್ನು ನೋಡಿ ಫಕೀರಪ್ಪನಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಗುರುವಿನ ಹಾವುಗೆಗೆ ಹಣೆಯಿಡಲು ದಡಬಡಿಸಿ ಬಾಗಿದ.

"ಹಾ!"

ಆ ಸದ್ದು ಅವನ ಬಾಯಿಂದಲೇ ಬಂದಿತ್ತು. ಭಜನೆಯವರು ತಿರುಗಿ ನೋಡಿದರು. ಅಂದಾನಪ್ಪನವರು ಹುಬ್ಬೇರಿಸಿದ್ದು ಹುಬ್ಬೇರಿಸಿದಂತೆಯೇ ನಿಂತರು. ಮುದ್ದಲಗೇರಿಯಲ್ಲಿ ಫಕೀರಪ್ಪ ಉಸ್ತಾದ ಹಾಗೆಂದಿದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಅರ್ಧ ಬಾಗಿದವನು ಅತ್ತ ಏಳಲಾರದೆ ಇತ್ತ ಬೀಳಲಾರದೆ ನೆಲಕ್ಕೆ ಕೈಯೂರಿಕೊಂಡು ಉಳಿದ.

ದ್ಯಾಮವ್ವ ಅವನ ಮಗ್ಗುಲಿಗೆ ಬಂದಳು. "ಎಲ್ಲಿ ನೋಯ್ತೈತೋ ತಮ್ಮಾ?"

"ಏನಿಲ್ಲ ಬೇ," ಎಂದ. ನಾಲಿಗೆಗೆ ಅಷ್ಟು ವರ್ಷದ ರೂಢಿ.

ಪೂಜ್ಯರು ಮಣೆಯಿಂದ ಮುಂದೆ ಬಾಗಿದರು. "ಹೇಳಪಾ," ಎಂದರು. "ಕೇಳಾಕತ್ತಾಳ."

ಫಕೀರಪ್ಪ ತಾಯಿಯ ಬಲಗೈಯನ್ನು ಹಿಡಿದು, ಧೋತರದ ಒಳಗೆ ಪಟ್ಟಿ ಬಿಗಿದಿದ್ದ ಜಾಗದ ಮೇಲೆ ತಂದಿಟ್ಟುಕೊಂಡ.

"ಇಲ್ಲಿ ಬೇ," ಎಂದ. "ಮೂವತ್ತು ವರ್ಷಾತು."

ಅವನ ಬಿಳಿಯ ಅಂಗಿಯ ಮೇಲೆ, ನಡದ ಹತ್ತಿರ, ಮೂರು ಬೆರಳಿನ ವಿಭೂತಿಯ ಗುರುತು ಮೂಡಿತು. ಪೂಜ್ಯರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾದ ಮೇಲೂ ಆ ಅಂಗಿಯನ್ನು ಅವನು ಒಗೆಯಲು ಕೊಡಲಿಲ್ಲವೆಂದು ಶಂಕ್ರವ್ವ ಗೊಣಗುತ್ತಿದ್ದಳು.